ಮಂಗಳವಾರದ ನೀರು

ನಮ್ಮ ಅಜ್ಜಿ ನಮ್ಮ ಅವ್ವನ ಕೈಯಿಂದ ತಿನ್ನುತ್ತಿದ್ದದ್ದು ವರ್ಷಕ್ಕೊಮ್ಮೆ, ಕ್ರಿಸ್ಮಸ್ ಹತ್ತಿರ ಬಂದಾಗ ಮಾತ್ರ. ಕರ್ಜಿಕಾಯಿ, ಚಕ್ಕುಲಿ, ಶಂಕರಪೋಳಿ, ಎಣ್ಣೆಯ ಬಾಣಲೆಯಿಂದ ಎದ್ದು ಬಂದದ್ದು ಯಾವುದಾದರೂ ಸರಿ. ಅವ್ವ ಜಾಲರಿ ಸೌಟಿನಲ್ಲಿ ಎತ್ತಿ, ಎಣ್ಣೆ ಬಸಿದು ಕೊಟ್ಟರೆ ಅಜ್ಜಿ ಒಲೆಯ ಪಕ್ಕದಲ್ಲೇ ಕೂತು ಬಿಸಿಬಿಸಿಯಾಗಿ ಮುರಿದು ಬಾಯಿಗೆ ಹಾಕಿಕೊಂಡು, "ಏನ್ ಕೈ ಅಮ್ಮಾ ನಿಂದು! ನಮ್ಮವ್ವನ ಕೈಯಾಗೂ ಹಿಂಗ ಆಗ್ತಿದ್ದಿಲ್ಲ" ಅನ್ನುತ್ತಿದ್ದಳು. ಹಾಗಾಗಿ ಸಣ್ಣವಳಿದ್ದಾಗ ನನಗೆ ಕ್ರಿಸ್ಮಸ್ ಅಂದರೆ ಅಜ್ಜಿಯೂ ಅವ್ವನೂ ಒಂದೇ ಒಲೆಯ ಮುಂದೆ ಕೂರುವ ಹಬ್ಬ. ಯೇಸುಸ್ವಾಮಿ ಹುಟ್ಟಿದ್ದು ಆಮೇಲಿನ ಮಾತು.

ಉಳಿದ ದಿನಗಳಲ್ಲಿ ಅಡುಗೆ ಅಜ್ಜಿಯದೇ. ನಮ್ಮದು ಬಳ್ಳಾರಿಯಲ್ಲಿ ಕೋಟೆ ಗುಡ್ಡದ ಕೆಳಗಿನ ಓಣಿ. ಅಪ್ಪ ಸಾಲಿ ಮಾಸ್ತರ. ಅವ್ವ ಹೆಂಗಸರ ಆಸ್ಪತ್ರೆಯಲ್ಲಿ ನರ್ಸು. ಬೆಳಕು ಹರಿಯುತ್ತಿದ್ದಂತೆ ಬಿಳಿ ಸೀರೆ ಉಟ್ಟು ಹೊರಟುಬಿಡುತ್ತಿದ್ದಳು. "ಪಾಪ, ಹೊರಗ ದುಡೀತಾಳ. ಮನಿಯಾಗೂ ಒಲಿ ಮುಂದ ಯಾಕ ಬೇಯಬೇಕು? ನಾನಿಲ್ಲೇನು?" ಎಂದು ಅಜ್ಜಿ ಕಂಡಕಂಡವರಿಗೆ ಹೇಳುತ್ತಿದ್ದಳು. ಓಣಿಯ ಸೊಸೆಯರಿಗೆಲ್ಲ ಅವ್ವನನ್ನು ಕಂಡರೆ ಹೊಟ್ಟೆಕಿಚ್ಚು. ಅಜ್ಜಿಗೆ ಜ್ವರ ಬಂದರೂ ಅವ್ವ ಅನ್ನಕ್ಕೆ ಎಸರಿಡುವಂತಿರಲಿಲ್ಲ. ಕುರುಗೋಡಿನಿಂದ ಅತ್ತೆ, ಅಂದರೆ ಅಪ್ಪನ ತಂಗಿ, ಗಂಟು ಕಟ್ಟಿಕೊಂಡು ಬಂದು ಬೇಯಿಸಿ ಹಾಕುತ್ತಿದ್ದಳು. ಅದನ್ನೂ ಜನ ಪ್ರೀತಿ ಎಂದೇ ತಿಳಿದರು. ಪ್ರೀತಿಯೂ ಇತ್ತು, ಸುಳ್ಳು ಹೇಳಬಾರದು. ರಾತ್ರಿ ಪಾಳಿ ಮುಗಿಸಿ ಬಂದ ಅವ್ವನ ಕಾಲಿಗೆ ಅಜ್ಜಿ ತಾನೇ ಕೊಬ್ಬರಿ ಎಣ್ಣೆ ತಿಕ್ಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ಅಡುಗೆಮನೆಯ ಮೂಲೆಯ ಕಟ್ಟೆಯ ಮೇಲೆ ಅಜ್ಜಿಯ ತಾಮ್ರದ ಕೊಡ ಒಂದಿತ್ತು. ಅಪ್ಪ ದಿನಾ ಬೆಳಗ್ಗೆ ಹೊತ್ತು ತಂದು ತುಂಬುತ್ತಿದ್ದ. ಅಜ್ಜಿ ಕುಡಿಯುತ್ತಿದ್ದದ್ದು ಅದರ ನೀರು, ಅಡುಗೆಗೂ ಅದೇ. ಉಳಿದ ನಾವೆಲ್ಲ ಬಾಗಿಲ ಬದಿಯ ಮಣ್ಣಿನ ಗುಡಾಣದಿಂದ ಕುಡಿಯುತ್ತಿದ್ದೆವು. ಅವ್ವ ಅಜ್ಜಿಯ ಕೊಡ ಮುಟ್ಟುತ್ತಿರಲಿಲ್ಲ. ಮುಟ್ಟಬೇಡ ಎಂದು ಯಾರೂ ಹೇಳಿರಲಿಲ್ಲ. ಹೇಳದೆ ನಡೆಯುವ ಮಾತುಗಳೇ ಮನೆಯಲ್ಲಿ ಗಟ್ಟಿ.

ಅಜ್ಜಿಯ ಕಡೆಯವರು ಕ್ರೈಸ್ತರಾಗಿ ಮೂರು ತಲೆಮಾರು. ಅದಕ್ಕೂ ಮುಂಚೆ ಏನಾಗಿದ್ದರು ಎಂಬುದನ್ನು ಮಾತ್ರ ಮೂರು ತಲೆಮಾರು ಕಳೆದರೂ ಮರೆತಿರಲಿಲ್ಲ. ಅವ್ವನದು ಸಿರುಗುಪ್ಪದ ಹೊರಗಿನ ಕೇರಿ. ಅವಳ ಅಪ್ಪನ ಕಾಲದಲ್ಲಿ ಕೇರಿಗೆ ಕೇರಿಯೇ ಹೊಳೆಯಲ್ಲಿ ಮುಳುಗಿ ದೀಕ್ಷೆ ಪಡೆದಿತ್ತು. ಅವ್ವ ಬಳ್ಳಾರಿಯ ಬೋರ್ಡಿಂಗಿನಲ್ಲಿ ಓದಿ ನರ್ಸಾದಳು, ಅಪ್ಪ ಮೆಚ್ಚಿದ, ಅಯ್ಯಗಾರು, ನಮ್ಮ ಕಡೆ ಪಾದ್ರಿಗಳನ್ನು ಹಾಗೆ ಕರೆಯುವುದು, ಮದುವೆ ಮಾಡಿಸಿದರು. ಅಜ್ಜಿ ದೇವರ ಚಿತ್ತ ಎಂದು ಒಪ್ಪಿಕೊಂಡಳು. "ನಮ್ಮೊಳಗ ಜಾತಿ ಎಲ್ಲಿ ಐತಿ?" ಎಂದು, ಯಾರಾದರೂ ಆ ಮಾತು ತೆಗೆದರೆ, ನಿಜವಾಗಿ ಸಿಟ್ಟಾಗಿಯೇ ಕೇಳುತ್ತಿದ್ದಳು. ಚರ್ಚಿನಲ್ಲಿ ಅವಳು ಕೂರುವುದು ಮುಂದಿನ ಬೆಂಚು, ಹಳೇ ಮನೆತನದವರ ಸಾಲು. ಅವ್ವ ಹಿಂದೆ, ಆಸ್ಪತ್ರೆಯ ಹೆಂಗಸರ ಜೊತೆ ಚಾಪೆಯ ಮೇಲೆ. ಕರ್ತನ ಭೋಜನದ ಪಾತ್ರೆ, ಯೇಸುವಿನ ನೆನಪಿಗೆ ಎಲ್ಲರೂ ಒಂದೊಂದು ಗುಟುಕು ಕುಡಿಯುವ ದ್ರಾಕ್ಷಾರಸದ್ದು, ಮುಂದಿನ ಬೆಂಚಿಗೆ ಮೊದಲು ಬಂದು ಆಮೇಲೆ ಚಾಪೆಗೆ ಹೋಗುತ್ತಿತ್ತು. ಹೀಗೆ ಒಂದೇ ಪಾತ್ರೆಯಿಂದ ಕುಡಿದೂ ಅಜ್ಜಿ ಯಾರ ಎಂಜಲನ್ನೂ ಕುಡಿದಂತಾಗುತ್ತಿರಲಿಲ್ಲ. ಕರಿದ ತಿನಿಸಿನದೂ ಅದೇ ಲೆಕ್ಕ. ನೀರಿನಲ್ಲಿ ಬೆಂದದ್ದಕ್ಕೆ ಮೈಲಿಗೆ, ಎಣ್ಣೆಯಲ್ಲಿ ಬೆಂದದ್ದಕ್ಕಿಲ್ಲ. ಇದು ಯಾವ ಬೈಬಲ್ಲಿನಲ್ಲೂ ಇರಲಿಲ್ಲ, ಅಜ್ಜಿಯ ರಕ್ತದಲ್ಲಿತ್ತು.

ನಮ್ಮ ಚರ್ಚಿನ ಸಭೆಯಲ್ಲಿ ಕ್ರಿಸ್ಮಸ್ಸಿಗೆ ಮುಂಚೆ ಒಂದು ಪದ್ಧತಿ ನಡೆಯುತ್ತಿತ್ತು. ಮನೆಗಳಿಗೆ ಸುಣ್ಣ ಬಳಿದು, ಬಿದಿರು ದಬ್ಬೆಗೆ ಗಾಳಿಪಟದ ಕಾಗದ ಅಂಟಿಸಿ ನಕ್ಷತ್ರ ಮಾಡಿ ತೂಗುಹಾಕುವ ಹೊತ್ತಿಗೆ ಸಭೆಯ ಹಿರಿಯರು ಮೂವರು ಮನೆಮನೆಗೂ ಬಂದು, "ಯಾರ ಮ್ಯಾಲಾದ್ರೂ ಮುನಿಸು, ಮನಸ್ತಾಪ ಐತೇನ್ರಿ?" ಎಂದು ಕೇಳಬೇಕು. ಇದ್ದರೆ ಇಬ್ಬರನ್ನೂ ಎದುರುಬದುರು ಕೂರಿಸಿ ಒಂದೇ ಚೊಂಬಿನ ನೀರು ಕುಡಿಸಬೇಕು. ಮುನಿಸು ತೀರದವರು ಕ್ರಿಸ್ಮಸ್ ಬೆಳಗಿನ ಭೋಜನಕ್ಕೆ ಬರುವಂತಿಲ್ಲ. ಹಿರಿಯರ ಮನೆಯಲ್ಲೇ ಮುನಿಸಿದ್ದರೆ ಆ ಹಿರಿಯ ಪಾತ್ರೆ ಹಿಡಿಯುವಂತಿಲ್ಲ.

ಆ ಮೂವರಲ್ಲಿ ಅಪ್ಪ ಒಬ್ಬ. ಎಲ್ಲರೂ ಅವನನ್ನು ರಾಜಿ ಮಾಸ್ತರ ಎನ್ನುತ್ತಿದ್ದರು. ಬೇವಿನ ಮರದ ನೆರಳು ಯಾರ ಅಂಗಳದ್ದು ಎಂದು ಹೊಡೆದಾಡಿದ ಅಣ್ಣತಮ್ಮಂದಿರಿಗೂ, ಕೋಳಿ ಕದ್ದಳು ಎಂದು ಕೂದಲು ಹಿಡಿದ ಹೆಂಗಸರಿಗೂ ಅವನದು ಒಂದೇ ಮದ್ದು: "ಮೊದ್ಲು ಕುಡೀರಿ, ಆಮ್ಯಾಲ ಮಾತು." ಕುಡಿದ ಮೇಲೆ ಮಾತು ಇರುತ್ತಿರಲಿಲ್ಲ. ಕೋಳಿ ಯಾರದು, ನೆರಳು ಯಾರದು ಎಂದು ಅಪ್ಪ ಒಮ್ಮೆಯೂ ವಿಚಾರಿಸಿದವನಲ್ಲ. ಹೊಸ ವರ್ಷ ಕಳೆಯುವುದರೊಳಗೆ ಅದೇ ಜನ ಮತ್ತೆ ಕೂದಲು ಹಿಡಿಯುತ್ತಿದ್ದರು. ಬರುವ ವರ್ಷಕ್ಕೂ ಅಪ್ಪನಿಗೆ ಕೆಲಸ ತಪ್ಪುತ್ತಿರಲಿಲ್ಲ. ಅವನು ಒಳ್ಳೆಯವನು. ಏರಿದ ದನಿ ಅವನಿಗೆ ಆಗಿಬರುತ್ತಿರಲಿಲ್ಲ, ಅಷ್ಟೇ.

ನಾನು ಹೇಳಹೊರಟಿದ್ದು, ಮಹಾಯುದ್ಧ ಮುಗಿದಿದ್ದರೂ ಸಕ್ಕರೆ ಇನ್ನೂ ರೇಷನ್ನಿನಲ್ಲಿದ್ದ ವರ್ಷದ ಮಾತು. ಕರ್ಜಿಕಾಯಿಗೆ ಪುಟಾಣಿ, ಕೊಬ್ಬರಿ, ಬೆಲ್ಲ ಕುಟ್ಟುವುದೆಂದು ಅಜ್ಜಿಯೂ ಅವ್ವನೂ ಮಾತಾಡಿಕೊಂಡು ಕುಟ್ಟಿ, ಕರಿಯಲು ಕೂತಿದ್ದರು. ಸಿರುಗುಪ್ಪದಿಂದ ನಮ್ಮ ಸೋದರಮಾವ ಹೊಸ ಅಕ್ಕಿಯ ಚೀಲ ಹೊತ್ತು ಬಂದ. ಎಂದಿನಂತೆ ಅಜ್ಜಿ ಅವನಿಗೆ ಕುರ್ಚಿ ಹಾಕಿಸಿದಳು. ಹೊಳೆಗೆ ನೀರೆಷ್ಟು, ಮಕ್ಕಳೆಷ್ಟು ಉದ್ದ ಬೆಳೆದರು ಎಂದು ವಿಚಾರಿಸಿದಳು. ಮುತ್ತುಗದ ಎಲೆಯಲ್ಲಿ ಕರ್ಜಿಕಾಯಿ ಕೊಟ್ಟಳು. ತಿಂದ ಮೇಲೆ ಮಾವನಿಗೆ ನೀರಡಿಕೆಯಾಯಿತು. ನನ್ನ ತಂಗಿ, ಆಗಿನ್ನೂ ಸಾಲಿಗೆ ಹಾಕದ ಕೂಸು, ಯಾರೂ ಹೇಳದೆಯೇ ಎದ್ದು ಗುಡಾಣದಿಂದ ಚೊಂಬು ತುಂಬಿಕೊಂಡು ಹೋದಳು. ಮಾವ ಕೈ ಚಾಚಿದ. ತಂಗಿ ಚೊಂಬನ್ನು ಅವನ ಕೈಗೆ ಕೊಡಲಿಲ್ಲ. ತುದಿಗಾಲ ಮೇಲೆ ನಿಂತು, ಎರಡೂ ಕೈಯಲ್ಲಿ ಎತ್ತರಕ್ಕೆ ಹಿಡಿದು, ಮೇಲಿನಿಂದ ಸುರಿಯತೊಡಗಿದಳು.

ಮಾವ ಬೊಗಸೆಯೊಡ್ಡಿ ಬಗ್ಗಿ ಕುಡಿದ. ಅವನಿಗೆ ಅದು ರೂಢಿಯೇ. ಗದ್ದವೆಲ್ಲ ತೋಯ್ದು ನಗುತ್ತಾ, "ಎಷ್ಟ್ ಚಂದ ಹಾಕ್ತಾಳಲ್ಲೇ ನಮ್ಮ ಕೂಸು! ಒಂದ್ ಹನಿ ಚೆಲ್ಲಲಿಲ್ಲ" ಅಂದ. ಅಜ್ಜಿಯೂ ನಕ್ಕಳು. ಬಾಣಲೆಯ ಮುಂದೆ ಕೂತಿದ್ದ ಅವ್ವ ನಗಲಿಲ್ಲ. ಎಣ್ಣೆಯಲ್ಲಿದ್ದ ಕರ್ಜಿಕಾಯಿ ಕೆಂಪಾದವು, ಕಪ್ಪಾದವು. ಅವಳು ಮಗಳನ್ನೇ ನೋಡುತ್ತಿದ್ದಳು. ತನಗೆ ಮಾಡಿದ್ದನ್ನೆಲ್ಲ ನುಂಗಿಕೊಂಡವಳು, ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದೇ ತನ್ನ ಒಡಹುಟ್ಟಿದವನಿಗೆ ಹಾಗೆ ನೀರು ಹಾಕಿದ್ದನ್ನು ನುಂಗಲಾರದೆ ಹೋದಳು.

ಎರಡು ದಿನ ಬಿಟ್ಟು ಹಿರಿಯರ ಸರದಿ ನಮ್ಮ ಮನೆಗೆ ಬಂತು. ಅಪ್ಪ ಇನ್ನಿಬ್ಬರ ಜೊತೆ ತನ್ನ ಮನೆಗೆ ತಾನೇ ನೆಂಟನಾಗಿ ಬಂದು, ಹೊರಗೆ ನಿಂತು ಕೆಮ್ಮಿದ. ನಾನು ಚಾಪೆ ಹಾಸಿದೆ. ನಗು ಬರುತ್ತಿತ್ತು, ಅಪ್ಪ ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದ. ಹಿರಿಯರಲ್ಲಿ ಎಲ್ಲರಿಗಿಂತ ವಯಸ್ಸಾದವರು ಕೇಳುವುದನ್ನು ಕೇಳಿದರು.

"ನಮ್ಮನ್ಯಾಗ ಎಂಥಾ ಮುನಿಸ್ರಿ?" ಅಂದಳು ಅಜ್ಜಿ. "ಕರ್ಜಿಕಾಯಿ ತಿನ್ರಿ."

"ಐತ್ರಿ" ಅಂದಳು ಅವ್ವ.

"ಯಾರ ಕೂಡ?"

"ಅತ್ತಿ ಕೂಡ."

ಅಜ್ಜಿ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. "ನನ್ನ ಕೂಡ? ನಾ ನಿನಗ ಒಂದಿನ ಏರಿದ ದನಿಯಾಗ ಮಾತಾಡೀನೇನು?"

"ಇಲ್ರಿ."

"ಉಣ್ಣಾಕ ಉಡಾಕ ಕಡಿಮಿ ಮಾಡೀನೇನು?"

"ಇಲ್ರಿ ಅತ್ತಿ. ನೀವು ನನ್ನ ಕೈನೀರು ಕುಡಿಯಂಗಿಲ್ಲ."

ಹಿರಿಯರಿಬ್ಬರೂ ತಮ್ಮ ತಮ್ಮ ಹೆಬ್ಬೆರಳು ನೋಡಿಕೊಂಡರು. ಅವರೂ ಮುಂದಿನ ಬೆಂಚಿನವರೇ. ಅವರ ಮನೆಗಳಲ್ಲೂ ಮೂಲೆಗೊಂದು ಕೊಡ ಇದ್ದೇ ಇತ್ತು. ಅಪ್ಪನಿಗೆ ಹೊಳೆದದ್ದು ತನ್ನ ಹಳೇ ಮದ್ದೇ. ಎದ್ದು ಹೋಗಿ ಚೊಂಬು ತುಂಬಿ ತಂದು ನಡುವೆ ಇಟ್ಟ. "ಮೊದ್ಲು ಶಾಂತಿ ಆಗ್ಲಿ. ಉಳಿದದ್ದು ಆಮ್ಯಾಲ ನೋಡೋಣು" ಅಂದ.

"ಉಳಿದದ್ದು ಅಂದ್ರ ನಾನ್ರಿ" ಅಂದಳು ಅವ್ವ.

ಅಜ್ಜಿ ಮಗನ ಮುಖ ನೋಡಿದಳು. ಅವನು ಬೆವೆತಿದ್ದ. ಆ ಮುಖ ನೋಡಲಾರದೆ ಅವಳು ಕೈ ಚಾಚಿ, "ತಾ ಇಲ್ಲೆ. ನನ್ನ ಮಗನ ಮರ್ಯಾದಿ ದೊಡ್ಡದು. ಕುಡೀತೀನಿ" ಅಂದಳು. ಕುಡಿದೇ ಬಿಡುತ್ತಿದ್ದಳು. ಅವ್ವ ಚೊಂಬಿನ ಬಾಯಿಗೆ ಅಂಗೈ ಅಡ್ಡ ಇಟ್ಟಳು.

"ಬ್ಯಾಡ್ರಿ ಅತ್ತಿ. ಇದು ಹಬ್ಬದ ನೀರು. ನಾಕು ಮಂದಿ ನಿಂತು ಕುಡಿಸಿದ ನೀರು. ಹಬ್ಬ ಮುಗಿದ ಮ್ಯಾಲ ಮತ್ತ ನಿಮ್ಮ ಕೊಡ ನಿಮಗ, ನನ್ನ ಗುಡಾಣ ನನಗ. ಯಾವದಾರ ಒಂದು ಮಂಗಳವಾರ, ಯಾರೂ ನೋಡಲಾರದಾಗ, ನೀರಡಿಕಿ ಆತು ಅಂತ ನನ್ನ ಕಡಿ ಕೇಳಿ ಕುಡೀರಿ. ಆವತ್ತು ನಂದೂ ರಾಜಿ."

ಮಂಗಳವಾರವೇ ಯಾಕೆ ಎಂದು ಆಮೇಲೆ ಎಷ್ಟೋ ವರ್ಷ ನಾವು ಅವ್ವನನ್ನು ಕಾಡಿಸಿದ್ದೇವೆ. ಅವಳಿಗೂ ಗೊತ್ತಿರಲಿಲ್ಲ. ಭಾನುವಾರ ಅಲ್ಲದ್ದು ಒಂದು ವಾರ ಬೇಕಿತ್ತು, ಬಾಯಿಗೆ ಬಂತು.

ಮರುದಿನ ಬೆಳಗ್ಗೆ ಅಜ್ಜಿ, ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಹತ್ತಿ ಕುರುಗೋಡಿಗೆ, ಮಗಳ ಮನೆಗೆ ಹೊರಟುಹೋದಳು. ಹೋಗುವಾಗ ಅವ್ವನಿಗೆ, "ಅಕ್ಕಿ ಆರಿಸಿಟ್ಟೀನಿ, ಹುಳ ಇಲ್ಲ" ಅಂದಳು. ಅಷ್ಟು ಸಿಟ್ಟಿನಲ್ಲೂ ಅಕ್ಕಿ ಆರಿಸಿಟ್ಟಿದ್ದಳು. ಅಪ್ಪ ಬಸ್ಸಿನ ಹೊಗೆಯಲ್ಲಿ ನಿಂತೇ ಇದ್ದ. ಅಜ್ಜಿ ಮೊದಲ ಸಲ ಭೋಜನ ತಕ್ಕೊಂಡಾಗಿನಿಂದ ಒಂದು ಕ್ರಿಸ್ಮಸ್ಸನ್ನೂ ತಪ್ಪಿಸಿದವಳಲ್ಲ. ಈ ವರ್ಷ ಅವಳಿಗೂ ಇಲ್ಲ, ಸೊಸೆಗೂ ಇಲ್ಲ, ಅಪ್ಪನ ಕೈಗೆ ಪಾತ್ರೆಯೂ ಇಲ್ಲ.

ಓಣಿಯಲ್ಲಿ ಮಾತಿಗೆ ಬರವೇ? ಸೊಕ್ಕು ಅಂದರು. ಓದಿಸಿದ್ದು ಹೆಚ್ಚಾಯಿತು ಅಂದರು. ಹಬ್ಬದ ಮುಂದೆ ಅತ್ತೆಯನ್ನು ಮನೆ ಬಿಡಿಸಿದಳು, ಇದು ಕ್ರೈಸ್ತರು ಮಾಡುವ ಕೆಲಸವೇ ಅಂದರು. ಚಾಪೆಯ ಮೇಲೆ ಕೂರುವ ಹೆಂಗಸರು ಮಾತ್ರ ಏನೂ ಅನ್ನಲಿಲ್ಲ. ಅವರಲ್ಲೊಬ್ಬಳು, ಆಸ್ಪತ್ರೆಯ ಆಯಾ, ಸುಮ್ಮನೆ ಬಂದು ನಮ್ಮ ಮನೆಗೆ ಅರ್ಧ ಗೋಡೆ ಸುಣ್ಣ ಬಳಿದು ಹೋದಳು.

ಅವ್ವನ ಮುಖ ನೋಡಲಾಗುತ್ತಿರಲಿಲ್ಲ. ಬಾಣಲೆ ಇಟ್ಟಳು, ಕರಿದಳು, ಎದುರಿಗೆ ತಿನ್ನುವವರಿಲ್ಲ. ಬಿಸಿ ಕರ್ಜಿಕಾಯಿಯನ್ನು ಅಭ್ಯಾಸಬಲದಿಂದ ಅಜ್ಜಿ ಕೂರುವ ಮಣೆಯ ಕಡೆ ಚಾಚಿ, ಕೈ ಹಿಂದೆಗೆದುಕೊಂಡದ್ದನ್ನು ನಾನು ನೋಡಿದೆ. ಆ ರಾತ್ರಿ ಅಪ್ಪ ಮೆಲ್ಲಗೆ ಒಂದು ಉಪಾಯ ತೆಗೆದ. ಒಂದು ಡಬ್ಬಿ ಕರ್ಜಿಕಾಯಿ ಕುರುಗೋಡಿಗೆ ಕಳಿಸೋಣ, ತಿಂದರೆ ಮನಸ್ಸು ಕರಗುತ್ತದೆ.

"ಕಳಿಸಿದ್ರ ತಿಂತಾರ, ನನಗ ಗೊತ್ತೈತಿ" ಅಂದಳು ಅವ್ವ. "ಅದಕ್ಕ ಕಳಿಸೂದಿಲ್ಲ." ಡಬ್ಬಿಯ ಮುಚ್ಚಳ ಹಾಕಿ, "ನಾನೇ ಹೋಗಿ ಕರಕೊಂಡ್ ಬರ್ತೀನಿ" ಅಂದಳು.

"ಮತ್ತ ನಿನ್ನ ಮಾತು?"

"ಮಾತು ಮಾತೇ. ನಾ ನ್ಯಾಯ ಕೇಳೀನಿ, ಅತ್ತೀನ್ನ ಬ್ಯಾಡ ಅಂದಿಲ್ಲ."

ಹೀಗೆ ನಾನೂ ಅವ್ವನೂ ಬರಿಗೈಯಲ್ಲಿ ಕುರುಗೋಡಿಗೆ ಹೋದೆವು. ಬಸ್ಸು ಕೊಳಗಲ್ಲಿನ ಹತ್ತಿರ ಒಮ್ಮೆ ನಿಂತು, ಇದ್ದಿಲು ಕೆದಕಿಸಿಕೊಂಡು, ಮತ್ತೆ ಹೊರಟಿತು. ಹೊಲಗಳಲ್ಲಿ ಹತ್ತಿ ಬಿಡಿಸುತ್ತಿದ್ದರು.

ಅತ್ತೆಯ ಗಂಡ ಅಲ್ಲಿ ಸಾಲಿ ಮಾಸ್ತರ. ಊರ ಅಂಚಿನಲ್ಲಿ, ಬಂಡೆಗುಡ್ಡದ ಬುಡಕ್ಕೆ ಅವರ ಮನೆ. ಅಜ್ಜಿ ಹೊರಗಿನ ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು. ನಮ್ಮನ್ನು ಕಂಡದ್ದೇ ತಡ, ಬಂದಿರಾ, ಕೂತಿರಾ ಎಂಬುದೂ ಇಲ್ಲ, ಸಿಟ್ಟೆಲ್ಲ ಕಟ್ಟೆಯೊಡೆದ ಹಾಗೆ ಹೊರಗೆ ಬಂತು. ಸಿಟ್ಟು ನಮ್ಮ ಮೇಲಲ್ಲ. ಅದಾಗಲೇ ಬೇರೆ ಕಡೆ ತಿರುಗಿತ್ತು.

ನಡೆದದ್ದು ಇಷ್ಟು. ಅತ್ತೆಯ ಮನೆಗೆ ಯಾರೋ ನೀರು ತಂದು ಹಾಕುತ್ತಾರೆ ಎಂದು ಅಜ್ಜಿ ತಿಳಿದಿದ್ದಳು. ಅತ್ತೆ ಹಾಗೆ ಹೇಳಿಕೊಂಡೇ ಬಂದಿದ್ದಳು. ಹಿಂದಿನ ದಿನ ಅಜ್ಜಿ ಮಗಳಿಗೆ ನೆರವಾಗಲೆಂದು ತಾನೇ ಕೊಡ ತಕ್ಕೊಂಡು ಊರ ಬಾವಿಗೆ ಹೋಗಿದ್ದಾಳೆ. ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಸುತ್ತಲಿನ ಹೆಂಗಸರ ಮಾತು ನಿಂತಿದೆ. ಅಲ್ಲಿನ ಒಬ್ಬ ಮುದುಕಿ ನಯವಾಗಿ, "ಯಾರ ಮನ್ಯಾರವ್ವಾ?" ಎಂದು ಕೇಳಿದ್ದಾಳೆ.

"ನಾ ಹೇಳಿದೆ," ಅಂದಳು ಅಜ್ಜಿ, "ನಾವು ಬಳ್ಳಾರಿ ಕೋಟಿ ಕಡ್ಯಾರು. ಮೂರು ತಲಿ ಕ್ರೈಸ್ತರು. ಮಾಸ್ತರ ಅತ್ತಿ ನಾನು. ಅದಕ್ಕ ಆಕಿ ಏನಂದ್ಲು ಗೊತ್ತೈತೇನು? 'ಹಂಗಾದ್ರ ಅಲ್ಲೇ ಆ ಕಲ್ಲಿನ ಕಡಿ ನಿಂದರ್ರಿ ತಾಯಿ, ನಾವು ಹಾಕ್ತೀವಿ' ಅಂದ್ಲು! ಒಂದ್ ಬಿರುಸು ಮಾತಿಲ್ಲ. ತಾಯಿ ಅಂದ್ಲು! ತಾಯಿ ಅಂತ ಕರದು, ಇಷ್ಟ್ ಎತ್ತರದಿಂದ ಕೊಡಕ್ಕ ಸುರುವಿದ್ಲು. ನನ್ನ ಸೀರಿ ಎಲ್ಲಾ ತೊಯ್ತು." ಅಜ್ಜಿ ಬಾಗಿಲ ಕಡೆ ಕೈ ತೋರಿಸಿದಳು. "ನನ್ನ ಮಗಳು ದಿನಾ ಆ ಕಲ್ಲಿನ ಕಡಿ ನಿಂತಾಳಂತ. ಇಷ್ಟ್ ವರ್ಷ ನನಗೊಂದು ಮಾತು ಹೇಳಿಲ್ಲ."

ಒಳಗಿನಿಂದ ಅತ್ತೆ ಕಣ್ಣೊರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು ನಿಂತಳು.

ನಾನು ಅವ್ವನ ಕಡೆ ನೋಡಿದೆ. ಈಗ ಹೇಳುತ್ತಾಳೆ ಅಂದುಕೊಂಡೆ. ನಾನಾಗಿದ್ದರೆ ಹೇಳಿಯೇ ಬಿಡುತ್ತಿದ್ದೆ. ನನ್ನ ನಾಲಿಗೆ ಆಗಲೂ ಹಾಗೇ, ಈಗಲೂ ಹಾಗೇ. ಅವ್ವ ಹೇಳಲಿಲ್ಲ. "ನಿಮಗ ಹಂಗ ಮಾಡಿದ್ರ?" ಅಂದಳು. "ಈ ವಯಸ್ಸಿನಾಗ ನಿಮ್ಮನ್ನ ಬಿಸಲಾಗ ನಿಂದರಿಸಿ? ಯಾವ ಬಾವಿ ಅದು, ತೋರಸರಿ ನನಗ." ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಟ್ಟಳು. ಅತ್ತೆ ಓಡಿಬಂದು ಕೈ ಹಿಡಿದು ನಿಲ್ಲಿಸದಿದ್ದರೆ ಬಾವಿಗೇ ಹೋಗುತ್ತಿದ್ದಳು. "ಬ್ಯಾಡ ವೈನಿ, ನಾ ಈ ಊರಾಗ ಬಾಳೇ ಮಾಡಬೇಕು" ಎಂದು ಅತ್ತೆ ಅತ್ತಳು. ಅವ್ವನೂ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು ಅತ್ತಳು, ಸಿಟ್ಟಿನಿಂದ.

ಅಜ್ಜಿ ಅವ್ವನನ್ನೇ ನೋಡುತ್ತಿದ್ದಳು. "ನಿನಗ್ಯಾಕ ಅಷ್ಟ್ ಸಿಟ್ಟು?" ಎಂದು ಕೇಳಿದಳು. ನಿಜವಾಗಿ ತಿಳಿಯದೆ ಕೇಳಿದಳು.

"ನಮ್ಮ ಅತ್ತಿಗ ಹಂಗ ಮಾಡಿದ್ರ ಸಿಟ್ಟು ಬರಂಗಿಲ್ಲೇನ್ರಿ?" ಅಂದಳು ಅವ್ವ.

ಅಜ್ಜಿ ಸಂಜೆಯ ಬಸ್ಸಿಗೆ ತನ್ನ ಗಂಟು ತಾನೇ ಕಟ್ಟಿಕೊಂಡು ನಮ್ಮ ಜೊತೆ ಹೊರಟಳು. ಬಸ್ಸಿನಲ್ಲಿ ಅವ್ವನ ಪಕ್ಕ ಕೂತು ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳಿಗೆ ಏನಾದರೂ ಹೊಳೆಯಿತೇ ಇಲ್ಲವೇ ಎಂದು ನನಗೆ ಚಡಪಡಿಕೆ. ದೊಡ್ಡವರಿಗೆ ಒಂದು ಮಾತು ಹೊಳೆಯಲು ಎಷ್ಟು ಹೊತ್ತು ಬೇಕಾಗುತ್ತದೆ ಎಂದು ಆ ವಯಸ್ಸಿನಲ್ಲಿ ಗೊತ್ತಿರುವುದಿಲ್ಲ.

ಮನೆಗೆ ಬಂದು ಅಜ್ಜಿ ತನ್ನ ಕೊಡದ ನೀರನ್ನೇ ಕುಡಿದಳು. ಅವ್ವ ಗುಡಾಣದ್ದು ಕುಡಿದಳು. ಮರುದಿನ ಇಬ್ಬರೂ ಒಲೆಯ ಮುಂದೆ ಕೂತು ಉಳಿದ ಚಕ್ಕುಲಿ ಕರಿದರು. ಕ್ರಿಸ್ಮಸ್ಸಿನ ಹಿಂದಿನ ದಿನ ಅಪ್ಪ ಆಸೆ ಬಿಡಲಾರದೆ, "ಅವ್ವಾ, ಚೊಂಬು ತರಲೇನು?" ಎಂದು ಕೇಳಿದ. ಅಜ್ಜಿ ಅವನನ್ನು ಗದರಿದಳು. "ಸುಮ್ಕಿರಲೇ. ಹಬ್ಬದಾಗ ಕುಡಿದ್ರ ಇಕಿ ನಂಬಂಗಿಲ್ಲ. ನಾನೂ ನಂಬಂಗಿಲ್ಲ."

ಕ್ರಿಸ್ಮಸ್ ಬೆಳಗ್ಗೆ ಹೊಸ ಬಟ್ಟೆ ತೊಟ್ಟು ಚರ್ಚಿಗೆ ಹೋದೆವು. ಕೀರ್ತನೆ, ಪ್ರಾರ್ಥನೆ, ಅ‌ಯ್ಯಗಾರರ ಉಪದೇಶ ಎಲ್ಲ ಆದ ಮೇಲೆ ಭೋಜನದ ಹೊತ್ತಿಗೆ ಅಜ್ಜಿ ಮುಂದಿನ ಬೆಂಚಿನಿಂದ ಎದ್ದಳು. ಮುನಿಸು ತೀರದವರು ಆ ಹೊತ್ತಿಗೆ ಹೊರಗೆ ಹೋಗುವುದು ರೂಢಿ. ಹೊರಗೆ ಹೋಗುತ್ತಾಳೆ ಎಂದು ಎಲ್ಲರೂ ತಿಳಿದರು. ಅವಳು ನಡುವಿನ ದಾರಿಯಲ್ಲಿ ಹಿಂದಕ್ಕೆ ಬಂದು, ಮಂಡಿನೋವಿಗೆ ಅಪ್ಪಾ ಅವ್ವಾ ಅನ್ನುತ್ತಾ, ಚಾಪೆಯ ಮೇಲೆ ಅವ್ವನ ಪಕ್ಕ ಕೂತಳು. ಪಾತ್ರೆ ಮುಂದಿನ ಸಾಲು ಮುಗಿಸಿ ಚಾಪೆಗೆ ಬಂತು. ಇಬ್ಬರನ್ನೂ ದಾಟಿ ಹೋಯಿತು. ಅಪ್ಪ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ. ಮನೆಯವರೆಲ್ಲ ಉಪವಾಸ ಬಿದ್ದ ಹಾಗಿತ್ತು ಆ ಬೆಳಗು. ಆದರೂ ನನ್ನ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ಕ್ರಿಸ್ಮಸ್ ನಾನು ಕಂಡಿಲ್ಲ.

ಆಮೇಲೆ ಹಬ್ಬ ಮುಗಿಯಿತು. ನಕ್ಷತ್ರದ ಕಾಗದ ಬಿಸಿಲಿಗೆ ಬಣ್ಣ ಕಳೆದುಕೊಂಡಿತು. ಮಂಗಳವಾರಗಳು ಬಂದವು, ಹೋದವು. ಅಪ್ಪ ಪ್ರತಿ ಮಂಗಳವಾರ ಸಾಲಿಯಿಂದ ಬಂದು ಇಬ್ಬರ ಮುಖವನ್ನೂ ನೋಡುತ್ತಿದ್ದ. ಏನೂ ಆಗುತ್ತಿರಲಿಲ್ಲ.

ಆದದ್ದು ಮಂಗಳವಾರವೂ ಅಲ್ಲ. ಅವ್ವನಿಗೆ ರಜೆ ಇದ್ದ ಯಾವುದೋ ದಿನ. ಅಜ್ಜಿ ಅಂಗಳದ ಒರಳಿನಲ್ಲಿ ಒಣಮೆಣಸಿನಕಾಯಿ ಕುಟ್ಟುತ್ತಿದ್ದಳು. ಗಾಳಿ ತಿರುಗಿ ಘಾಟು ನೇರ ಗಂಟಲಿಗೆ ಹೊಡೆಯಿತು. ಕೆಮ್ಮು, ಕೆಮ್ಮಿನ ಮೇಲೆ ಕೆಮ್ಮು. ನಾನು ಕಟ್ಟೆಯ ಮೇಲಿದ್ದೆ. ನನ್ನನ್ನು ಕರೆದಿದ್ದರೆ ಅವಳ ಕೊಡದಿಂದಲೇ ತಂದುಕೊಡುತ್ತಿದ್ದೆ. ಅಜ್ಜಿ ನನ್ನ ಕಡೆ ನೋಡಿದಳು, ನೋಡಿ ಮುಖ ತಿರುಗಿಸಿ ಒಳಗಿನ ಕಡೆ ಕೂಗಿದಳು: "ಏ! ಎಲ್ಲಿ ಸತ್ತೆಲೇ? ನೀರು ತಾ!"

ಅವ್ವ ಒದ್ದೆ ಕೈಯಲ್ಲೇ ಗುಡಾಣದಿಂದ ಚೊಂಬು ಮುಳುಗಿಸಿ ಓಡಿಬಂದಳು. ಬಂದವಳು ಎರಡು ಹೆಜ್ಜೆ ದೂರದಲ್ಲಿ ನಿಂತುಬಿಟ್ಟಳು. ಅಜ್ಜಿ ಕೈ ಚಾಚಿ ಚೊಂಬನ್ನು ಕಸಿದುಕೊಂಡು ಬಾಯಿಗೆ ಕಚ್ಚಿ ಒಂದು ಗುಟುಕು ಕುಡಿದಳು. ಕುಡಿದು ನಿಲ್ಲಿಸಿದಳು.

"ಇದೇನ್ ನೀರಿದು? ಉಪ್ಪುಪ್ಪು!"

ಅವ್ವ ಒದ್ದೆ ಕೈ ಸೆರಗಿಗೆ ಒರೆಸಿಕೊಂಡಳು.

ಬಳ್ಳಾರಿಯ ನೀರಿನ ಮಾತು ಇಲ್ಲಿ ಹೇಳಲೇಬೇಕು. ನಮ್ಮ ಹಿತ್ತಲ ಬಾವಿಯದು ಸವಳು. ಸಿಹಿನೀರು ಇದ್ದದ್ದು ಸಾಲಿಯ ಕಾಂಪೌಂಡಿನ ಬಾವಿಯಲ್ಲಿ. ಮನೆಗೊಂದೇ ಕೊಡ ಎಂಬುದು ಅಲ್ಲಿನ ಕಟ್ಟಳೆ. ಆ ಒಂದು ಕೊಡವನ್ನು ಅಪ್ಪ ತನ್ನ ತಾಯಿಗೆ ತಂದು ತುಂಬುತ್ತಿದ್ದ. ನಾವು ಮಕ್ಕಳು ಹುಟ್ಟಿದಾಗಿನಿಂದ ಸವಳನ್ನೇ ಕುಡಿದವರು, ನೀರೆಂದರೆ ಅದೇ ಅಂದುಕೊಂಡಿದ್ದೆವು. ಮಗ ಎಲ್ಲರಿಗೂ ಸಿಹಿನೀರು ತರುತ್ತಾನೆ ಎಂದು ಅಜ್ಜಿ ತಿಳಿದಿದ್ದಳು. ಗುಡಾಣದಿಂದ ಒಂದು ಗುಟುಕು ಕುಡಿದಿದ್ದರೆ ಗೊತ್ತಾಗುತ್ತಿತ್ತು.

"ಹುಡುಗ್ರೂ ಇದನ್ನ ಕುಡೀತಾವೇನು?"

"ಹೌದ್ರಿ."

"ನೀನೂ? ಬಂದಾಗಿಂದ? ಬಾಣಂತಿ ಇದ್ದಾಗೂ?"

"ಹೌದ್ರಿ ಅತ್ತಿ."

"ಯಾಕ ಹೇಳಲಿಲ್ಲಲೇ?"

"ನೀವು ಕುಡಿದು ನೋಡಬೇಕಿತ್ರಿ," ಅಂದಳು ಅವ್ವ.

ಅಜ್ಜಿ ಒರಳಿನ ಪಕ್ಕ ಕೂತು ಅತ್ತಳು. ಮೆಣಸಿನಕಾಯಿಯ ಘಾಟು ಎಂದು ಅವಳೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಅವ್ವ ಚೊಂಬು ತೆಗೆದುಕೊಳ್ಳಲು ಬಗ್ಗಿದಳು. "ಕೊಡ್ರಿ, ನಿಮ್ಮ ಕೊಡದಾಗಿನದು ಆಕಿ ಕಡಿ ತರಸ್ತೀನಿ" ಎಂದು ನನ್ನ ಕಡೆ ಕೈ ತೋರಿಸಿದಳು. ಅಜ್ಜಿ ಚೊಂಬು ಬಿಡಲಿಲ್ಲ. ಕಣ್ಣು ಮುಚ್ಚಿ, ಕಷಾಯ ಕುಡಿಯುವವರಂತೆ, ಆ ಸವಳು ನೀರನ್ನು ಕೊನೆಯವರೆಗೂ ಕುಡಿದಳು.

ಮೊದಲ ಗುಟುಕು ಕೆಮ್ಮಿನದು ಅನ್ನಬಹುದು. ಅಪ್ಪನೇ ಆಮೇಲೆ ಒಮ್ಮೆ ಹಾಗಂದ. ಆದರೆ ಅವನು ಅಲ್ಲಿರಲಿಲ್ಲ, ನಾನಿದ್ದೆ. ಕೆಮ್ಮು ನಿಂತಿತ್ತು. ಅಜ್ಜಿ ಬರಿದಾದ ಚೊಂಬನ್ನು ಅವ್ವನ ಕೈಗೆ ಕೊಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು, "ಇನ್ನೊಂದ್ ಚೊಂಬು ತಾ" ಅಂದಳು.